ಸ್ಪೀಕರಿಗೆ ತಕ್ಕ ಆಂಪ್ಲಿಫೈಯರ್: ಗುಜರಾತಿನ ಮೂರು ನಗರಗಳ ಲೆಕ್ಕ

ಅಹಮದಾಬಾದಿನ ರಿಲೀಫ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಆಂಪ್ಲಿಫೈಯರ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ವಾಟ್?’ ಎಂದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಇದೇ ಪ್ರಶ್ನೆ. ಅಂಗಡಿಯವರು ಒಂದು ಸಂಖ್ಯೆ ಹೇಳುತ್ತಾರೆ, ಕೊಳ್ಳುವವರು ಅದನ್ನು ಇನ್ನೊಂದು ಪೆಟ್ಟಿಗೆಯ ಸಂಖ್ಯೆಯ ಜೊತೆ ಹೋಲಿಸುತ್ತಾರೆ, ವ್ಯಾಪಾರ ಮುಗಿಯುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಸ್ಪೀಕರ್ ಯಾವುದು, ಕೋಣೆ ಎಷ್ಟು ದೊಡ್ಡದು, ಕೂತು ಕೇಳುವ ಜಾಗ ಎಷ್ಟು ದೂರ ಎಂಬ ಮಾತು ಬರುವುದೇ ಇಲ್ಲ. ಆದರೆ ಸಂಗೀತ ಚೆನ್ನಾಗಿ ಕೇಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಇವುಗಳಿಂದಲೇ. ಸ್ಪೀಕರು ಅತಿ ಭಾರವಾಗುವ ಆವರ್ತನದಲ್ಲಿ, ಊರು ಅತಿ ಹೆಚ್ಚು ಸುಡುವ ಹೊತ್ತಿನಲ್ಲಿ ಆಂಪ್ಲಿಫೈಯರು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಜೋಡಿ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಹಮದಾಬಾದ್, ವಡೋದರಾ, ಸೂರತ್‌ಗಳ ಮನೆಗಳಲ್ಲಿ ಈ ಎರಡು ಷರತ್ತುಗಳೂ ಕಠಿಣವಾಗಿಯೇ ಎದುರಾಗುತ್ತವೆ.

ಈ ಊರುಗಳಿಗೆ ಧ್ವನಿಯ ವಿಚಾರ ಹೊಸದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾದದ್ದು 1961ರಲ್ಲಿ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿಗೆ ಒಂದು ಮೂಗ್ ಸಿಂಥಸೈಜರ್ ತಂದು, ದೇಶದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊವನ್ನು ಕಟ್ಟಿಕೊಟ್ಟರು. ಅದರ ಹಿಂದೆ ಇದ್ದವರು ಗೀತಾ ಸಾರಾಭಾಯಿ. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಕಲಿಸಿದವರೂ ಅವರೇ. ವಡೋದರಾದಲ್ಲಿ ಸಯಾಜಿರಾವ್ ಗಾಯಕವಾಡರು 1886ರಲ್ಲೇ ಸಂಗೀತ ಶಾಲೆ ತೆರೆದಿದ್ದರು. ಫೈಯಾಜ್ ಖಾನರು ಆ ಆಸ್ಥಾನದ ಗಾಯಕರಾಗಿದ್ದರು. ಅಹಮದಾಬಾದಿನ ಸಪ್ತಕ ಉತ್ಸವ ಪ್ರತಿ ವರ್ಷ ಜನವರಿ 1ಕ್ಕೆ ಶುರುವಾಗುತ್ತದೆ. ತಂಬೂರಿಯ ನಾದವನ್ನು ಎದುರು ಕೂತು ಕೇಳಿದವರು ಮನೆಗೆ ಬಂದು ಅದನ್ನೇ ಸ್ಪೀಕರಿನಲ್ಲಿ ಬಯಸುವುದು ಸಹಜ. ಧಾರವಾಡದ ಕಡೆಯಿಂದ ಹೋಗಿ ವಡೋದರಾದ ಫರ್ಟಿಲೈಜರ್‌ನಗರದಲ್ಲೋ ಸೂರತ್ತಿನ ಅಡಾಜಣದಲ್ಲೋ ನೆಲೆಸಿದವರು ಮಲ್ಲಿಕಾರ್ಜುನ ಮನ್ಸೂರರನ್ನೋ ಭೀಮಸೇನ ಜೋಶಿಯವರನ್ನೋ ಹಾಕಿ ಕೂತಾಗ ಬಯಸುವುದೂ ಅದನ್ನೇ.

ಮೊದಲು ಆ ವಾಟ್ ಎಂಬ ಸಂಖ್ಯೆಯನ್ನೇ ನೋಡೋಣ. ನಮ್ಮ ಮಾರುಕಟ್ಟೆಯನ್ನು ವರ್ಷಗಟ್ಟಲೆ ಆಳಿದ್ದು ಪಿಎಂಪಿಒ ಎಂಬ ಉಬ್ಬಿಸಿದ ವಾಟ್ ಸಂಖ್ಯೆ. ಅದನ್ನು ಹೀಗೇ ಅಳೆಯಬೇಕು ಎಂಬ ಯಾವ ಮಾನದಂಡವೂ ಇಲ್ಲ. ಮಾರುವವರು ಬರೆದದ್ದೇ ಅಳತೆ. ಅಸೆಂಬಲ್ಡ್ ಪೆಟ್ಟಿಗೆಗಳಲ್ಲಿ ಬಹುಕಾಲ ಕೂತಿದ್ದ ಎಲ್‌ಎ4440 ಐಸಿ ನಿಜವಾಗಿ ಕೊಡುವುದು 4 ಓಮ್ ಸ್ಪೀಕರಿಗೆ ಚಾನೆಲ್ಲಿಗೆ 6 ವಾಟ್, ಎರಡು ಚಾನೆಲ್ ಸೇರಿಸಿ ಬ್ರಿಜ್ ಮಾಡಿದರೆ 19 ವಾಟ್. ಅದೇ ಐಸಿಯ ಪೆಟ್ಟಿಗೆ ಹೊರಗೆ ನೂರಾರು ವಾಟ್ ಎಂದು ಹೇಳಿಕೊಳ್ಳುತ್ತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಸಂಖ್ಯೆಗಳಿಗೆ ಕಡಿವಾಣ ಹಾಕಿದ್ದು 1974ರಲ್ಲಿ. 2024ರಲ್ಲಿ ಆ ನಿಯಮವನ್ನು ಬಿಗಿಗೊಳಿಸಿ, 8 ಓಮ್ ಹೊರೆಗೆ, 20ರಿಂದ 20,000 ಹರ್ಟ್ಸ್‌ವರೆಗೆ, ಶೇ. 1ಕ್ಕಿಂತ ಕಡಿಮೆ ವಿಕೃತಿಯಲ್ಲಿ ನಿರಂತರವಾಗಿ ಸಿಗುವ ವಾಟನ್ನೇ ಹೇಳಬೇಕು ಎಂದಿತು. ಅಂಥ ಕಾಗದ ಕೈಯಲ್ಲಿಲ್ಲದಾಗ ಒಂದು ಸರಳ ಉಪಾಯವಿದೆ. ಅಡಾಪ್ಟರಿನ ಮೇಲೆ 12 ವೋಲ್ಟ್, 5 ಆಂಪ್ ಎಂದಿದ್ದರೆ ಗೋಡೆಯಿಂದ ಒಳಗೆ ಬರುವುದೇ 60 ವಾಟ್. ಅದಕ್ಕಿಂತ ಹೆಚ್ಚನ್ನು ಆ ಪೆಟ್ಟಿಗೆ ಸತತವಾಗಿ ಹೊರಗೆ ಕೊಡಲಾರದು.

ಇನ್ನು ಸ್ಪೀಕರಿನ ಕಡೆ ಬರೋಣ. ಆಂಪ್ಲಿಫೈಯರಿನ ಬೆಲೆಯನ್ನು ತೀರ್ಮಾನಿಸಬೇಕಾದ ಸಂಖ್ಯೆ ಇರುವುದು ಇಲ್ಲೇ, ಸೆನ್ಸಿಟಿವಿಟಿಯಲ್ಲಿ. ಸ್ಪೀಕರಿಗೆ 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂದು ಅಳೆಯುತ್ತಾರೆ. 8 ಓಮ್ ಸ್ಪೀಕರಿಗೆ ಅಷ್ಟು ವೋಲ್ಟೇಜ್ ಎಂದರೆ 1 ವಾಟ್, 4 ಓಮ್ ಸ್ಪೀಕರಿಗೆ 2 ವಾಟ್. ಆದ್ದರಿಂದ 90 ಡೆಸಿಬೆಲ್ ಎಂದು ಬರೆದ 4 ಓಮ್ ಸ್ಪೀಕರು ವಾಟ್ ಲೆಕ್ಕದಲ್ಲಿ 87ರದ್ದೇ. ಡೆಸಿಬೆಲ್ ಲೆಕ್ಕ ನಿರ್ದಯಿ: 3 ಡೆಸಿಬೆಲ್ ಏರಿಸಲು ಶಕ್ತಿ ಎರಡು ಪಟ್ಟು ಬೇಕು, 10 ಏರಿಸಲು ಹತ್ತು ಪಟ್ಟು. ಕಿವಿಗೆ ಸದ್ದು ಇಮ್ಮಡಿಯಾಯಿತು ಅನ್ನಿಸುವುದು ಸುಮಾರಾಗಿ ಆ 10 ಡೆಸಿಬೆಲ್ ಏರಿದಾಗ. 50 ವಾಟಿನ ಆಂಪ್ಲಿಫೈಯರ್ ಬಿಟ್ಟು 100 ವಾಟಿನದಕ್ಕೆ ಹಣ ಸುರಿದವರಿಗೆ ಸಿಗುವುದು 3 ಡೆಸಿಬೆಲ್ ಮಾತ್ರ. ಅದೇ ಹಣದಲ್ಲಿ 86ರ ಬದಲು 92 ಡೆಸಿಬೆಲ್ ಸ್ಪೀಕರ್ ತಂದಿದ್ದರೆ ನಾಲ್ಕು ಪಟ್ಟು ವಾಟ್ ಕೊಂಡಂತಾಗುತ್ತಿತ್ತು.

ಒಂದು ನಿಜವಾದ ಹಾಲ್ ತೆಗೆದುಕೊಳ್ಳೋಣ. ನೆಲಕ್ಕೆ ಕೋಟಾ ಕಲ್ಲೋ ಮೋರ್ಬಿಯ ಟೈಲ್ಸೋ ಇದೆ; ಕೇಳುವವರು ಸ್ಪೀಕರಿನಿಂದ 3 ಮೀಟರ್ ದೂರ ಕೂತಿದ್ದಾರೆ. ಸ್ಪೀಕರು 86 ಡೆಸಿಬೆಲ್‌ನದು, 8 ಓಮಿನದು. ಬಯಲಾಗಿದ್ದರೆ ಆ ದೂರಕ್ಕೆ ಸುಮಾರು 9.5 ಡೆಸಿಬೆಲ್ ಕರಗುತ್ತಿತ್ತು. ಗೋಡೆ, ನೆಲಗಳು ಸುಮಾರು 3 ಹಿಂತಿರುಗಿಸುತ್ತವೆ, ಎರಡನೆಯ ಸ್ಪೀಕರ್ ಇನ್ನೊಂದು 3 ಸೇರಿಸುತ್ತದೆ. ಅಂದರೆ ತಲಾ 1 ವಾಟ್ ಕೊಟ್ಟಾಗ ಕಿವಿಗೆ 82.5 ಡೆಸಿಬೆಲ್. ಸಾಕಷ್ಟು ಜೋರಾಗಿ, ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳಿದರೂ ತಲಾ ಅರ್ಧ ವಾಟಿನಷ್ಟೇ ಖರ್ಚು. ಆದರೆ ಒಳ್ಳೆಯ ಶಾಸ್ತ್ರೀಯ ಧ್ವನಿಮುದ್ರಣದಲ್ಲಿ ತಬಲಾದ ಪೆಟ್ಟು ಸರಾಸರಿಗಿಂತ 15 ಡೆಸಿಬೆಲ್ ಮೇಲೆ ಹಾರುತ್ತದೆ. ಆ ಕ್ಷಣಕ್ಕೆ 18 ವಾಟ್ ಬೇಕು. ಅರ್ಧ ವಾಟಿನಿಂದ 18ಕ್ಕೆ ನೆಗೆದು ಮರುಕ್ಷಣ ಹಿಂದಕ್ಕೆ ಬರುವುದೇ ಆಂಪ್ಲಿಫೈಯರಿನ ಕೆಲಸ.

ಇಷ್ಟಾದರೆ 30 ವಾಟ್ ಸಾಕಾಗಬೇಕಿತ್ತು. ಆದರೆ ಇದು ಅಹಮದಾಬಾದು. ತಲೆಯ ಮೇಲೆ ಸೀಲಿಂಗ್ ಫ್ಯಾನ್ ಐದನೇ ನಂಬರಿನಲ್ಲಿ ತಿರುಗುತ್ತಿರುತ್ತದೆ. ಅದರ ಗಾಳಿಯ ಸದ್ದಿನಲ್ಲಿ ತಂಬೂರಿ ಮುಳುಗುತ್ತದೆ, ಕೇಳುವವರ ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. 6 ಡೆಸಿಬೆಲ್ ಏರಿಸಿದರೆಂದುಕೊಳ್ಳಿ. ತಬಲಾದ ಪೆಟ್ಟಿಗೆ ಬೇಕಾದ ಶಕ್ತಿ 18ರಿಂದ 71 ವಾಟಿಗೆ ಏರಿತು. 92 ಡೆಸಿಬೆಲ್ ಸ್ಪೀಕರಾಗಿದ್ದರೆ ಫ್ಯಾನ್ ಹಾಕಿಯೂ 18 ವಾಟಿನಲ್ಲೇ ಮುಗಿಯುತ್ತಿತ್ತು. ಹೊರದೇಶದ ಪತ್ರಿಕೆಗಳ ಜೋಡಿ ಸಲಹೆಗಳು ಈ ಫ್ಯಾನನ್ನು ಕಂಡಿಲ್ಲ. ನಮ್ಮಲ್ಲಿ ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಲೆಕ್ಕವೇ ತಪ್ಪಾಗುತ್ತದೆ.

ಸೆಕೆ ಫ್ಯಾನಿನ ಸದ್ದಾಗಿ ಮಾತ್ರ ಅಡ್ಡಬರುವುದಿಲ್ಲ, ಆಂಪ್ಲಿಫೈಯರಿನ ಒಳಕ್ಕೂ ಇಳಿಯುತ್ತದೆ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಯಿತು. ಬಿಸಿಗಾಳಿಯನ್ನು ಎದುರಿಸಲು ಮಹಾನಗರಪಾಲಿಕೆಯೇ 2013ರಲ್ಲಿ ಯೋಜನೆ ಮಾಡಿಕೊಂಡ ಊರು ಇದು. ನಮ್ಮ ಅಸೆಂಬಲ್ಡ್ ಆಂಪ್ಲಿಫೈಯರುಗಳ ಹಳೆಯ ಆಳು 2ಎನ್3055 ಟ್ರಾನ್ಸಿಸ್ಟರನ್ನೇ ನೋಡಿ. ಅದರ ಲೋಹದ ಮೈ 25 ಡಿಗ್ರಿಯಲ್ಲಿದ್ದಾಗ 115 ವಾಟ್ ಶಾಖ ತಡೆಯುತ್ತದೆ ಎಂದು ತಯಾರಕರು ಬರೆಯುತ್ತಾರೆ. ಮೈ 100 ಡಿಗ್ರಿಗೆ ಬಂದಾಗ ಅದು ತಡೆಯುವುದು 66 ವಾಟ್ ಅಷ್ಟೇ. ಕೋಣೆಯೇ 43 ಡಿಗ್ರಿ ಇದ್ದರೆ, ತಂಪುದೇಶದಲ್ಲಿ 60 ಡಿಗ್ರಿಗೆ ನಿಲ್ಲುತ್ತಿದ್ದ ಹೀಟ್ ಸಿಂಕ್ ಇಲ್ಲಿ 78ಕ್ಕೆ ನಿಲ್ಲುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರಾಗಿ ಅರ್ಧವಾಗುತ್ತದೆ. ಸಾಮಾನ್ಯ ಎಬಿ ವರ್ಗದ ಆಂಪ್ಲಿಫೈಯರು ಅತಿ ಹೆಚ್ಚು ಬಿಸಿಯಾಗುವುದು ಪೂರ್ತಿ ವಾಲ್ಯೂಮಿನಲ್ಲಿ ಅಲ್ಲ, ಅದರ ಶಕ್ತಿಯ ಮೂರನೇ ಒಂದು ಪಾಲಿನ ಆಸುಪಾಸಿನಲ್ಲಿ. ಮನೆಯ ಮದುವೆಗೋ ಸೀಮಂತಕ್ಕೋ ಮಧ್ಯಾಹ್ನವಿಡೀ ಹಾಡು ಹಾಕಿಟ್ಟಾಗ ಅದು ಓಡುವುದು ಅಲ್ಲೇ. ಶೋಕೇಸಿನ ಗಾಜಿನ ಬಾಗಿಲ ಹಿಂದೆ, ಮೇಲೊಂದು ಕ್ರೋಶಾ ಬಟ್ಟೆ ಹೊದಿಸಿ ಇಟ್ಟ ಆಂಪ್ಲಿಫೈಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇದೇ ಕಾರಣಕ್ಕೆ ಎ ವರ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳನ್ನು ಎಸಿ ಇಲ್ಲದ ಗುಜರಾತಿ ಮನೆಗೆ ನಾನು ಸೂಚಿಸಲಾರೆ. 25 ವಾಟ್ ಸಂಗೀತ ಕೊಡಲು ಅವು ಹಾಡಿದರೂ ಹಾಡದಿದ್ದರೂ ನೂರೈವತ್ತು, ಇನ್ನೂರು ವಾಟ್ ಶಾಖ ಉಗುಳುತ್ತವೆ.

ಈಗ ಜೋಡಿಯ ನಿಜವಾದ ಗಂಟಿಗೆ ಬರೋಣ. ಸ್ಪೀಕರಿನ ಹಿಂದೆ ‘8 ಓಮ್’ ಎಂದು ಬರೆದಿರುತ್ತದೆ, ಆದರೆ ಯಾವ ಸ್ಪೀಕರೂ ಎಲ್ಲ ಸ್ವರಗಳಿಗೂ 8 ಓಮ್ ಆಗಿರುವುದಿಲ್ಲ. ಇಂಪೀಡೆನ್ಸ್ ಎನ್ನುವ ಅದರ ಈ ತಡೆ ಒಂದು ಕಡೆ 30 ಓಮಿಗೆ ಏರಿ ಇನ್ನೊಂದು ಕಡೆ 5ಕ್ಕೆ ಇಳಿದಿರಬಹುದು. ಅಂತರರಾಷ್ಟ್ರೀಯ ಮಾನದಂಡ ಐಇಸಿ 60268-5ರ ಪ್ರಕಾರ, ಹೆಸರಿಸಿದ ಓಮಿನ ಶೇ. 80ಕ್ಕಿಂತ ಕೆಳಗೆ ಎಲ್ಲೂ ಇಳಿಯಬಾರದು. 8 ಓಮ್ ಎಂದರೆ 6.4, 4 ಓಮ್ ಎಂದರೆ 3.2. ಮಾರುಕಟ್ಟೆಯ ಎಷ್ಟೋ ಸ್ಪೀಕರುಗಳು ಈ ಗೆರೆಯನ್ನು ದಾಟಿವೆ. ಇಂಪೀಡೆನ್ಸ್ ಅರ್ಧಕ್ಕಿಳಿದರೆ ಆಂಪ್ಲಿಫೈಯರ್ ಇಮ್ಮಡಿ ಕರೆಂಟ್ ಕೊಡಬೇಕು. ಅದರ ಜೊತೆ ಕೋನವೂ ಸೇರುತ್ತದೆ: ವೋಲ್ಟೇಜೂ ಕರೆಂಟೂ ಒಟ್ಟಿಗೆ ಏರಿಳಿಯದೆ ಹಿಂದುಮುಂದಾದಾಗ, ಕಾಗದದ ಮೇಲೆ 6 ಓಮ್ ಕಾಣುವ ಜಾಗ ಟ್ರಾನ್ಸಿಸ್ಟರಿಗೆ 3 ಓಮಿನಷ್ಟು ಭಾರವಾಗಬಹುದು.

ಇದು ನಮ್ಮ ಸಂಗೀತಕ್ಕೆ ಏಕೆ ಮುಖ್ಯ ಎಂದರೆ, ಸಾಮಾನ್ಯ ಎರಡು ದಾರಿಯ ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಅನೇಕವು ಅತಿ ಕೆಳಗಿಳಿಯುವುದು 150ರಿಂದ 250 ಹರ್ಟ್ಸ್ ನಡುವೆ. ಗಂಡು ಗಾಯಕರ ದನಿಯ ಬುಡ ಇರುವುದೂ ಅಲ್ಲೇ. ಖ್ಯಾಲಿನ ಬಡಾ ಖ್ಯಾಲ್ ಭಾಗ ಬಹುಮಟ್ಟಿಗೆ ಆ ತಗ್ಗಿನಲ್ಲಿ ನಡೆಯುತ್ತದೆ. ತಬಲಾ ಜೋಡಿಯ ಡಗ್ಗಾದ ಗುಮುಕು ಅದಕ್ಕೂ ಕೆಳಗೆ, ಕೋನ ಕಷ್ಟವಾಗುವ ಕಡೆ ಬೀಳುತ್ತದೆ. ಹೀಗಾಗಿ, ಸಿನಿಮಾ ಹಾಡಿನಲ್ಲಿ ಸೊಗಸಾಗಿ ಕೇಳಿದ ಜೋಡಿ ಮನ್ಸೂರರ ದನಿ ತುಂಬಿ ಬಂದಾಗ ಬಿಗಿಯಾಗಿ, ಒಣಗಿದಂತೆ ಕೇಳಬಹುದು. ಆಂಪ್ಲಿಫೈಯರಿನ ಕಾಗದದಲ್ಲಿ 8 ಓಮಿನ ಪಕ್ಕದಲ್ಲಿರುವ 4 ಓಮಿನ ಸಂಖ್ಯೆಯನ್ನು ಓದಬೇಕಾದದ್ದು ಇದಕ್ಕೇ. 8 ಓಮಿಗೆ 50, 4 ಓಮಿಗೆ 90 ವಾಟ್ ಎಂದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಗಟ್ಟಿ. 4 ಓಮಿನ ಸಾಲೇ ಇಲ್ಲದಿದ್ದರೆ ಅಲ್ಲಿ ಏನೋ ಕೊರತೆ ಇದೆ ಎಂದುಕೊಳ್ಳುವುದು ಕ್ಷೇಮ.

ಇತಿಹಾಸದಲ್ಲಿ ಇದರ ದೊಡ್ಡ ಪಾಠ ಇಂಗ್ಲೆಂಡಿನ ಪೀಟರ್ ವಾಕರ್ 1957ರಲ್ಲಿ ಮಾರುಕಟ್ಟೆಗೆ ತಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರು. ಬೇಸಿನಲ್ಲಿ 30 ಓಮಿನ ಸುತ್ತ ಇರುವ ಅದರ ಇಂಪೀಡೆನ್ಸ್ ಮೇಲಿನ ಸ್ವರಗಳಲ್ಲಿ 2 ಓಮಿನ ಆಸುಪಾಸಿಗೆ ಕುಸಿಯುತ್ತದೆ. 33 ವೋಲ್ಟ್ ಮೀರಿದರೆ ಒಳಗೆ ಕಿಡಿ ಹಾರುವ ಅಪಾಯ. ವಾಕರ್ ಅದಕ್ಕೆ ಜೋಡಿಯಾಗಿ ಕೊಟ್ಟದ್ದು ತಮ್ಮದೇ 15 ವಾಟಿನ ವಾಲ್ವ್ ಆಂಪ್ಲಿಫೈಯರನ್ನು. ಅವರದೇ ಕಂಪನಿ 1975ರಲ್ಲಿ 100 ವಾಟಿನ 405 ಆಂಪ್ಲಿಫೈಯರ್ ತಂದಾಗ, ಆ ಹಳೆಯ ಸ್ಪೀಕರಿಗೆ ಜೋಡಿಸುವವರು ವೋಲ್ಟೇಜನ್ನು ತಗ್ಗಿಸಿಕೊಳ್ಳಬೇಕಾಯಿತು. ಹೆಚ್ಚು ವಾಟ್ ಅಲ್ಲಿ ಸ್ಪೀಕರನ್ನೇ ಕೊಲ್ಲುತ್ತಿತ್ತು. ಪುಣೆಯ ಕೇಡೆನ್ಸ್ ಕಂಪನಿ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರುಗಳನ್ನೂ ಅವುಗಳ ಜೊತೆಗೆ ವಾಲ್ವ್ ಆಂಪ್ಲಿಫೈಯರುಗಳನ್ನೂ ಮಾಡಿತು. ಇಂಥ ಸ್ಪೀಕರುಗಳ ಒಳಗೆ ಸಾವಿರಾರು ವೋಲ್ಟ್ ನಿಂತಿರುತ್ತದೆ. ಸೂರತ್ತಿನ ಸಮುದ್ರದ ತೇವಕ್ಕೂ ಅಹಮದಾಬಾದಿನ ಧೂಳಿಗೂ ಅವು ಅಂಜಬೇಕು.

ವಾಲ್ವಿನ ಮಾತು ಬಂದಾಗ ಬೆಂಗಳೂರು ನೆನಪಾಗಲೇಬೇಕು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಶುರುಮಾಡಿತು, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು. ಆ ಕಾಲದ ರೇಡಿಯೊಗ್ರಾಮುಗಳಲ್ಲಿ ಸ್ಪೀಕರನ್ನೂ ಆಂಪ್ಲಿಫೈಯರನ್ನೂ ಒಬ್ಬರೇ ಯೋಚಿಸಿ ಕೂಡಿಸಿರುತ್ತಿದ್ದರು. ಕೊಳ್ಳುವವರಿಗೆ ಈ ತಲೆನೋವೇ ಇರಲಿಲ್ಲ. ಬಿಡಿಬಿಡಿಯಾಗಿ ಕೊಳ್ಳುವ ಕಾಲ ಬಂದ ಮೇಲೆ ಈ ಭಾರ ಕೊಳ್ಳುವವರ ಮೇಲೆ ಬಿತ್ತು. ಇಂದು ವಾಲ್ವ್ ಆಂಪ್ಲಿಫೈಯರ್ ಬಯಸುವವರು ಅದರ ಔಟ್‌ಪುಟ್ ಇಂಪೀಡೆನ್ಸನ್ನು ಗಮನಿಸಬೇಕು. ಟ್ರಾನ್ಸಿಸ್ಟರಿನಲ್ಲಿ ಅದು ಒಂದು ಓಮಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ವಾಲ್ವಿನಲ್ಲಿ 2 ಓಮ್ ಇರಬಹುದು. ಆಗ 4ರಿಂದ 20 ಓಮ್ ನಡುವೆ ಓಲಾಡುವ ಸ್ಪೀಕರಿನಲ್ಲಿ ಸುಮಾರು 2.7 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಕಿವಿ ಅದನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ಕೆಲವರು ‘ವಾಲ್ವಿನ ಮಾಧುರ್ಯ’ ಎಂದು ಮೆಚ್ಚುವುದರಲ್ಲಿ ಒಂದು ಪಾಲು ಈ ವ್ಯತ್ಯಾಸವೇ. ತಂತಿಯ ವಿಷಯಕ್ಕೆ ಇಷ್ಟೇ ಸಾಕು: ಎಲೆಕ್ಟ್ರಿಷಿಯನ್ ತರುವ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು 5 ಮೀಟರ್ ಹೋಗಿ ಬಂದರೆ 0.12 ಓಮ್. ಅದಕ್ಕಿಂತ ದುಬಾರಿ ತಂತಿಗೆ ಕೊಡುವ ದುಡ್ಡು ಸ್ಪೀಕರಿಗೆ ಹೋಗಲಿ.

ಗುಜರಾತಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ವಡೋದರಾದ ಸುತ್ತಮುತ್ತ, ಆಣಂದ, ನಡಿಯಾದಗಳ ಮನೆಮನೆಗೂ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಂಟರಿದ್ದಾರೆ. ಅಲ್ಲಿಂದ ಬಂದ ಹಳೆಯ ಆಂಪ್ಲಿಫೈಯರುಗಳು ಅಹಮದಾಬಾದಿನ ಭಾನುವಾರದ ಗುಜರಿ ಬಜಾರಿನಲ್ಲೂ ಕಾಣಸಿಗುತ್ತವೆ. ಅಮೆರಿಕದ ಪೆಟ್ಟಿಗೆ 120 ವೋಲ್ಟಿನದು, 60 ಹರ್ಟ್ಸಿನದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. 60 ಹರ್ಟ್ಸಿಗೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸಿನಲ್ಲಿ ಶೇ. 20ರಷ್ಟು ಹೆಚ್ಚು ಕಾಂತಪ್ರವಾಹ ಹೊತ್ತು ಬಿಸಿಯಾಗಿ ಗುಂಯ್‌ಗುಡುತ್ತದೆ. ಹಿಂದೆ ‘50/60’ ಎಂದು ಬರೆದಿದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ. ಸ್ಟೆಪ್‌ಡೌನ್ ಪೆಟ್ಟಿಗೆ ಚಿಕ್ಕದಾದರೆ ತಬಲಾದ ಪೆಟ್ಟಿಗೆ ಬೇಕಾದ ಕರೆಂಟ್ ಅಲ್ಲೇ ಕಟ್ಟಿಹೋಗುತ್ತದೆ. ಸ್ಟೆಬಿಲೈಜರಿನ ಚಿಂತೆಗೆ ಮಾತ್ರ ಅಷ್ಟು ಕಾರಣವಿಲ್ಲ. ಮನೆಗೆ ಬರುವ ವೋಲ್ಟೇಜ್ ಶೇ. 6ರಷ್ಟು ಏರಿಳಿಯಬಹುದು ಎಂದು 1956ರ ವಿದ್ಯುತ್ ನಿಯಮಗಳೇ ಒಪ್ಪಿದ್ದವು. ಅಷ್ಟು ಇಳಿದರೆ ಕಳೆದುಕೊಳ್ಳುವುದು ಅರ್ಧ ಡೆಸಿಬೆಲ್.

ಹಾಲಿಗೊಂದು, ಊಟದ ಕೋಣೆಗೊಂದು ಜೊತೆ ಸ್ಪೀಕರ್ ಇಟ್ಟು ಆಂಪ್ಲಿಫೈಯರಿನ ಎ, ಬಿ ಎರಡೂ ಗುಂಡಿ ಒತ್ತುವ ಅಭ್ಯಾಸ ಎಲ್ಲ ಕಡೆ ಇದೆ. ಸಮಾನಾಂತರವಾಗಿ ಕೂಡಿದ ಎರಡು 8 ಓಮ್ ಸೇರಿ 4 ಆಗುತ್ತವೆ, ಎರಡು 4 ಓಮ್ ಸೇರಿ 2. ಎರಡು ಚಾನೆಲ್ ಸೇರಿಸಿ ಬ್ರಿಜ್ ಮಾಡಿದಾಗಲೂ ಅಷ್ಟೇ, ಪ್ರತಿ ಚಾನೆಲ್ಲಿಗೆ ಸ್ಪೀಕರಿನ ಅರ್ಧ ಓಮ್ ಮಾತ್ರ ಕಾಣುತ್ತದೆ. ಸುಟ್ಟು ರಿಪೇರಿಗೆ ಬರುವ ಆಂಪ್ಲಿಫೈಯರುಗಳ ಹಿಂದೆ ಈ ಕಥೆ ಮತ್ತೆ ಮತ್ತೆ ಸಿಗುತ್ತದೆ.

ಟ್ವೀಟರ್ ಸುಡುವುದು ಹೆಚ್ಚು ವಾಟಿನಿಂದ ಎಂದು ಹಲವರು ನಂಬಿದ್ದಾರೆ. ಆದರೆ ಕಡಿಮೆ ವಾಟಿನದೂ ಸುಡಬಲ್ಲದು: 20 ವಾಟಿನ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿದಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ, ಸರಾಸರಿ ಶಕ್ತಿ ಏರುತ್ತದೆ, ಕೆಲವೇ ವಾಟ್ ತಾಳುವ ಟ್ವೀಟರಿಗೆ ಅದು ಸತತವಾಗಿ ಹರಿಯುತ್ತದೆ. ಸ್ಪೀಕರಿನ ನಿರಂತರ ಸಾಮರ್ಥ್ಯ 60 ವಾಟ್ ಇದ್ದರೆ, ವಿವೇಕದಿಂದ ಬಳಸುವವರ ಕೈಯಲ್ಲಿ 80, 90 ವಾಟಿನ ಆಂಪ್ಲಿಫೈಯರ್ ಇದಕ್ಕಿಂತ ಕ್ಷೇಮ. ದನಿ ಕರ್ಕಶವಾದ ಕ್ಷಣ ವಾಲ್ಯೂಮ್ ಇಳಿಸುವ ಕಿವಿ ಇರಬೇಕು, ಅಷ್ಟೇ.

ಡಿ ವರ್ಗದ ಆಂಪ್ಲಿಫೈಯರುಗಳು ಈ ಊರುಗಳ ಮಟ್ಟಿಗೆ ನಿಜವಾದ ವರವೆಂದು ನಾನು ತಿಳಿದಿದ್ದೇನೆ. ಶೇ. 90ರ ಆಸುಪಾಸು ದಕ್ಷತೆ. ಶಾಖ ಬಹಳ ಕಡಿಮೆ. ಟಿಪಿಎ3116ರಂಥ ಚಿಪ್ಪಿನ ಅಗ್ಗದ ಪೆಟ್ಟಿಗೆಯೂ 21 ವೋಲ್ಟ್ ಸಿಕ್ಕರೆ 4 ಓಮಿಗೆ ಚಾನೆಲ್ಲಿಗೆ 50 ವಾಟಿನ ಹತ್ತಿರ ಬರುತ್ತದೆ. ಆದರೆ ಇಂಥ ಹಲವು ಅಗ್ಗದ ಪೆಟ್ಟಿಗೆಗಳಲ್ಲಿ ಹೊರದಾರಿಯ ಸೋಸುವ ಕಾಯಿಲ್ ಸ್ಪೀಕರಿನ ಇಂಪೀಡೆನ್ಸ್ ನೋಡಿಕೊಂಡು ಮೇಲಿನ ಸ್ವರಗಳನ್ನು ಏರಿಳಿಸುತ್ತದೆ. 8 ಓಮಿಗೆ ಹೊಂದಿಸಿದ್ದು 4 ಓಮಿಗೆ ತುಸು ಮಂಕಾಗಿ ಕೇಳೀತು. ಆ ಏರಿಳಿತವನ್ನು ತಿದ್ದಿಕೊಳ್ಳುವ ವಿನ್ಯಾಸಗಳೂ ಬಂದಿವೆ, ಬೆಲೆ ಹೆಚ್ಚು.

ಕೊನೆಗೆ ಬೇಸಿನ ಆಸೆ. ನವರಾತ್ರಿಯಲ್ಲಿ ವಡೋದರಾದ ಯುನೈಟೆಡ್ ವೇ ಗರ್ಬಾ ಮೈದಾನದಲ್ಲಿ ಅತುಲ್ ಪುರೋಹಿತರ ಹಾಡಿಗೆ ಕುಣಿದು ಬಂದವರಿಗೆ ಮನೆಯ ಆರೂವರೆ ಇಂಚಿನ ವೂಫರಿನ ಢೋಲು ಸಪ್ಪೆಯಾಗಿ ಕೇಳುತ್ತದೆ. ಟೋನ್ ಗುಂಡಿಯಲ್ಲಿ ಬೇಸನ್ನು 10 ಡೆಸಿಬೆಲ್ ಎತ್ತಿದರೆ ಆ ಸ್ವರಗಳಿಗೆ ಹತ್ತು ಪಟ್ಟು ವಾಟ್ ಬೇಕು. ಆಂಪ್ಲಿಫೈಯರೂ ವೂಫರೂ ಒಟ್ಟಿಗೆ ಸೋಲುತ್ತವೆ. ತನ್ನದೇ ಆಂಪ್ಲಿಫೈಯರ್ ಇರುವ ಸಬ್‌ವೂಫರ್ ತಂದು, 80 ಹರ್ಟ್ಸಿನಿಂದ ಕೆಳಗಿನದನ್ನು ಅದಕ್ಕೆ ವಹಿಸಿ, ಮುಖ್ಯ ಸ್ಪೀಕರುಗಳಿಗೆ ಆ ಭಾಗ ಹೋಗದಂತೆ ತಡೆದರೆ ಚಿಕ್ಕ ಆಂಪ್ಲಿಫೈಯರೇ ನಿರಾಳವಾಗಿ ಉಸಿರಾಡುತ್ತದೆ. ಸೂರತ್ತಿನ ವೇಸು, ಪಾಲ್‌ಗಳ ಫ್ಲ್ಯಾಟುಗಳಲ್ಲಿ ಗೋಡೆಯಾಚೆ ಇನ್ನೊಂದು ಸಂಸಾರವಿದೆ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಇಟ್ಟ ಮಿತಿ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್. ಖಾಸಗಿ ಜಾಗದ ಸದ್ದು ತನ್ನ ಗಡಿಯಲ್ಲಿ ಅದಕ್ಕಿಂತ 5 ಮಾತ್ರ ಮೀರಬಹುದು. ಗೋಡೆ ಮೇಲಿನ ಸ್ವರಗಳನ್ನು ಚೆನ್ನಾಗಿ ತಡೆಯುತ್ತದೆ, 40 ಹರ್ಟ್ಸನ್ನು ತಡೆಯುವುದಿಲ್ಲ. ಸಬ್‌ವೂಫರಿನ ಗುಂಡಿಯನ್ನು ಮುಖ್ಯ ವಾಲ್ಯೂಮಿನಿಂದ ಬೇರೆಯಾಗಿ, ಕೈಗೆಟುಕುವಲ್ಲಿ ಇಟ್ಟುಕೊಂಡರೆ ರಾತ್ರಿ ಹತ್ತರ ಮೇಲೆ ಅದೊಂದನ್ನೇ ಇಳಿಸಿ ಮಾಲಕಂಸ ರಾಗವನ್ನು ಮುಂದುವರಿಸಬಹುದು.